ವಕೀಲರ ಅರ್ಹತಾ ಪರೀಕ್ಷೆಯ ತಯಾರಿಗೆ ಸರ್ಕಾರದ ಹಣ ಏಕಿಲ್ಲ? ಗದಗಿನ ವಕೀಲರೊಬ್ಬರ ಬಹಿರಂಗ ಪತ್ರ

ಗೆ,
ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು,
ಮಾನ್ಯ ಸಮಾಜ ಕಲ್ಯಾಣ ಸಚಿವರು ಹಾಗೂ ಮಾನ್ಯ ಹಿಂದುಳಿದ ವರ್ಗಗಳ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಅಖಿಲ ಭಾರತ ವಕೀಲರ ಪರೀಕ್ಷೆ ಬರೆಯುವ ಬಡ ಕಾನೂನು ಪದವೀಧರರ ತಯಾರಿಗೆ ಸರ್ಕಾರದ ನೆರವು ಕೋರಿ.

ಮಾನ್ಯರೇ,

ನಾನು ಗದಗ ಜಿಲ್ಲೆಯ ನ್ಯಾಯಾಲಯಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ದೊಡ್ಡ ವಕೀಲನೇನಲ್ಲ. ಹೊಲದ ಬಾಂದಿನ ತಕರಾರು, ವಾಟ್ನಿ (ಆಸ್ತಿ ಪಾಲಿನ) ದಾವೆ, ಚೆಕ್ ಬೌನ್ಸ್, ಜೀವನಾಂಶದ ಅರ್ಜಿ, ಇಂಥವೇ ನನ್ನ ಕಡತಗಳು. 2017ರಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಮತ್ತು ಇಬ್ಬರು ಗೆಳೆಯ ವಕೀಲರು ಬಾರ್ ರೂಮಿನಲ್ಲಿ ಹೊಸದಾಗಿ ಸನ್ನದು, ಅಂದರೆ ವಕೀಲರಾಗಿ ನೋಂದಣಿ, ಪಡೆದವರಿಗೆ ಅಖಿಲ ಭಾರತ ವಕೀಲರ ಪರೀಕ್ಷೆಯ ಪಾಠ ಹೇಳುತ್ತ ಬಂದಿದ್ದೇವೆ. ಒಂದೊಂದು ಸಲ ಎಂಟು ಜನ ಬರುತ್ತಾರೆ, ಪರೀಕ್ಷೆ ಹತ್ತಿರವಾದಾಗ ಇಪ್ಪತ್ತು ಮೀರುತ್ತಾರೆ. ಆ ಭಾನುವಾರಗಳಲ್ಲಿ ಕಂಡದ್ದನ್ನು ತಮ್ಮ ಮುಂದೆ ಇಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಮೊಹರು ಹಾಕಿದ ಲಕೋಟೆಯಲ್ಲಿ ಕಳಿಸಬಹುದಿತ್ತು. ಆದರೆ ಇದು ಹುಬ್ಬಳ್ಳಿ, ಧಾರವಾಡ, ಹಾವೇರಿ, ಗದಗಗಳ ತಾಲೂಕು ಕೋರ್ಟುಗಳಲ್ಲಿ ನಿತ್ಯ ಕಾಣುವ ಸಂಗತಿಯಾದ್ದರಿಂದ ಅಲ್ಲಿನ ಜನರೂ ಓದಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ.

ಪರೀಕ್ಷೆಯ ಹಿನ್ನೆಲೆ ತಮಗೆ ತಿಳಿದದ್ದೇ. ಆದರೂ ಈ ಪತ್ರವನ್ನು ಓದುವ ತಂದೆತಾಯಿಗಳಿಗಾಗಿ ನಾಲ್ಕು ಮಾತು ಹೇಳಬೇಕು. ಮೊದಲು ಕಾನೂನು ಪದವಿ ಮುಗಿಸಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದರೆ ಸಾಕಾಗಿತ್ತು. 2009–10ನೇ ಶೈಕ್ಷಣಿಕ ವರ್ಷದಿಂದ ಈಚೆಗೆ ಪದವಿ ಪಡೆದವರಿಗೆ ಅಷ್ಟು ಸಾಲದು. ಭಾರತೀಯ ವಕೀಲರ ಪರಿಷತ್ತು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೃತ್ತಿ ಪ್ರಮಾಣಪತ್ರ ಪಡೆಯಬೇಕು. ಮೊದಲ ಪರೀಕ್ಷೆ 2011ರ ಮಾರ್ಚ್‌ನಲ್ಲಿ ನಡೆಯಿತು. ನೂರು ಬಹು ಆಯ್ಕೆ ಪ್ರಶ್ನೆಗಳು, ಮೂರೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಟಿಪ್ಪಣಿಗಳಿಲ್ಲದ ಬೇರ್ ಆಕ್ಟ್ ಪುಸ್ತಕಗಳನ್ನು, ಅಂದರೆ ಕಾಯ್ದೆಯ ಮೂಲಪಾಠವಷ್ಟೇ ಇರುವ ಪುಸ್ತಕಗಳನ್ನು, ಒಳಗೆ ಒಯ್ಯಬಹುದು. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರು 45, ಪರಿಶಿಷ್ಟ ಜಾತಿ ಮತ್ತು ಪಂಗಡದವರು 40 ಅಂಕ ಪಡೆಯಬೇಕು. ನೋಂದಣಿಯಾದ ಎರಡು ವರ್ಷದೊಳಗೆ ಇದು ಆಗದಿದ್ದರೆ ವಕೀಲಿ ನಿಲ್ಲಿಸಬೇಕಾಗುತ್ತದೆ. ಈ ಪರೀಕ್ಷೆಯ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಫೆಬ್ರುವರಿ 10ರಂದು ಎತ್ತಿಹಿಡಿದಿದೆ. ಆದ್ದರಿಂದ ಪರೀಕ್ಷೆ ಬೇಕೇ ಬೇಡವೇ ಎಂಬ ಚರ್ಚೆ ಮುಗಿದಿದೆ, ಅದನ್ನು ನಾನು ಮತ್ತೆ ಎತ್ತುತ್ತಿಲ್ಲ.

ನಾನು ಸ್ವತಃ ಈ ಪರೀಕ್ಷೆ ಬರೆದವನಲ್ಲ. ನಮ್ಮ ಕಾಲಕ್ಕೆ ಇದು ಇರಲಿಲ್ಲ. ಪಾಠ ಹೇಳಲು ಆರಂಭಿಸಿದ ಮೊದಲ ವರ್ಷ, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಗಡಿಯಾರ ನೋಡಿಕೊಂಡು ಬರೆದೆ. 61 ಅಂಕ ಬಂದವು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ನಿಂತವನಿಗೆ ತೆರಿಗೆ, ಬೌದ್ಧಿಕ ಆಸ್ತಿ, ಕಂಪನಿ ಕಾಯ್ದೆಯ ಪ್ರಶ್ನೆಗಳ ಎದುರು ಕೈಕಾಲು ಆಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗದಗ, ರೋಣ, ಮುಂಡರಗಿಗಳಲ್ಲಿ ಪೇಟೆಂಟ್ ದಾವೆ ಯಾರೂ ಹೂಡುವುದಿಲ್ಲ.

ಈಗ ನನ್ನನ್ನು ಈ ಪತ್ರಕ್ಕೆ ಕೂರಿಸಿದ ವ್ಯಕ್ತಿಯ ಮಾತಿಗೆ ಬರುತ್ತೇನೆ. ಅವನ ಹೆಸರು ಬೇಡ. ಶಿರಹಟ್ಟಿ ತಾಲೂಕಿನ ಹಳ್ಳಿಯವನು. ಹದಿನೈದು ವರ್ಷ ಕೋರ್ಟಿನ ಎದುರಿನ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ದುಡಿದಿದ್ದಾನೆ. ದಾವಾಪತ್ರ, ತಕರಾರು ಕೈಫಿಯತ್ತು, ಅಫಿಡವಿಟ್, ಮಧ್ಯಂತರ ಅರ್ಜಿ, ಯಾವುದರ ಒಕ್ಕಣೆ ಹೇಗಿರಬೇಕು, ಎಲ್ಲಿ ಎಷ್ಟು ಕೋರ್ಟ್ ಫೀ ಹಚ್ಚಬೇಕು ಎಂಬುದು ಅವನಿಗೆ ನಮ್ಮ ಎಷ್ಟೋ ಜೂನಿಯರ್‌ಗಳಿಗಿಂತ ಚೆನ್ನಾಗಿ ಗೊತ್ತು. ನಾನೇ ಎಷ್ಟೋ ಸಲ ಡಿಕ್ಟೇಶನ್ ಕೊಡುವಾಗ, ‘ಸರ, ಇಲ್ಲಿ ಕಾಸ್ ಆಫ್ ಆ್ಯಕ್ಷನ್ (ದಾವೆಗೆ ಕಾರಣ ಹುಟ್ಟಿದ) ದಿನಾಂಕ ಬಿಟ್ರಿ’ ಎಂದು ಅವನಿಂದ ತಿದ್ದಿಸಿಕೊಂಡಿದ್ದೇನೆ. ದೂರಶಿಕ್ಷಣದಲ್ಲಿ ಪದವಿ ಮುಗಿಸಿ, ಮೂವತ್ತೈದು ದಾಟಿದ ಮೇಲೆ ಮೂರು ವರ್ಷದ ಕಾನೂನು ಪದವಿಗೆ ಸೇರಿ, ಕನ್ನಡದಲ್ಲೇ ಪರೀಕ್ಷೆ ಬರೆದು ಪಾಸಾದ. ಸನ್ನದು ಪಡೆದ ದಿನ ಅವನ ತಾಯಿ ಕೋರ್ಟಿನ ಆವರಣಕ್ಕೆ ಬಂದು ಎಲ್ಲರಿಗೂ ಬೂಂದಿ ಹಂಚಿದ್ದು ನನಗೆ ನೆನಪಿದೆ.

ಸನ್ನದು ಬಂತು, ಆದರೆ ಸಂಬಳ ಹೋಯಿತು. ವಕೀಲನಾಗಿ ನೋಂದಾಯಿತನಾದವನು ಪೂರ್ಣಾವಧಿಯ ಸಂಬಳದ ನೌಕರಿ ಮಾಡುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ, ಅದು ಸರಿಯಾದ ನಿಯಮವೇ. ಅಂಗಡಿ ಬಿಟ್ಟು ಸೀನಿಯರ್ ಒಬ್ಬರ ಕೈಕೆಳಗೆ ಸೇರಿದ. ತಾಲೂಕು ಕೋರ್ಟಿನ ಜೂನಿಯರ್‌ಗೆ ಸೀನಿಯರ್ ಕೊಡುವುದು ಎಷ್ಟೆಂದು ಈ ಕಸುಬಿನಲ್ಲಿ ಇರುವ ಎಲ್ಲರಿಗೂ ಗೊತ್ತು, ಬಹುತೇಕ ಬಸ್ ಚಾರ್ಜು ಮತ್ತು ಚಹದ ಖರ್ಚು ಅಷ್ಟೆ. 2023ರಿಂದ 2025ರವರೆಗಿನ ನಾಲ್ಕು ಪರೀಕ್ಷೆಗಳು ನಡೆದದ್ದು 2023ರ ಫೆಬ್ರುವರಿ 5, ಅದೇ ವರ್ಷದ ಡಿಸೆಂಬರ್ 10, 2024ರ ಡಿಸೆಂಬರ್ 22 ಮತ್ತು 2025ರ ನವೆಂಬರ್ 30ರಂದು. ಈ ಲೆಕ್ಕದಲ್ಲಿ ಎರಡು ವರ್ಷದ ಅವಧಿಯಲ್ಲಿ ಒಬ್ಬನಿಗೆ ಸಿಕ್ಕದ್ದು ಹೆಚ್ಚೂಕಡಿಮೆ ಎರಡೇ ಅವಕಾಶ. ಅವನು ಎರಡನ್ನೂ ಬರೆದ. ಎರಡನೆಯ ಸಲ ಉತ್ತರ ಸೂಚಿಯ ಜೊತೆ ಹೋಲಿಸಿ ನೋಡಿದಾಗ ಕಡಿಮೆಯಾದದ್ದು ಎರಡು ಅಂಕ. ಈಗ ಮತ್ತೆ ಅದೇ ಟೈಪಿಂಗ್ ಅಂಗಡಿಯಲ್ಲಿದ್ದಾನೆ. ಕರಿ ಕೋಟು ಅಂಗಡಿಯ ಒಳಗಿನ ಮೊಳೆಗೆ ತೂಗುಹಾಕಿದೆ.

ಇಂಥವನಿಗೆ ಓದುವ ಶಕ್ತಿ ಇಲ್ಲ ಎಂದು ಹೇಳುವವರ ಜೊತೆ ನಾನು ವಾದಿಸುವುದಿಲ್ಲ. ಅವನಿಗೆ ಏನು ಇರಲಿಲ್ಲ ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲನೆಯದು, ಪುಸ್ತಕ. ಪರೀಕ್ಷಾ ಕೊಠಡಿಗೆ ಬೇರ್ ಆಕ್ಟ್ ಒಯ್ಯಲು ಅನುಮತಿ ಇದೆ ಎಂದರೆ, ಪುಸ್ತಕ ಇದ್ದವನಿಗೆ ಅನುಕೂಲ ಇದೆ ಎಂದೇ ಅರ್ಥ. ಪಠ್ಯಕ್ರಮದಲ್ಲಿ ಸಂವಿಧಾನಕ್ಕೆ 10 ಅಂಕ, ಸಿವಿಲ್ ಪ್ರಕ್ರಿಯಾ ಸಂಹಿತೆಗೆ 10, ಕ್ರಿಮಿನಲ್ ಪ್ರಕ್ರಿಯೆಗೆ 10, ದಂಡ ಕಾನೂನಿಗೆ 8, ಸಾಕ್ಷ್ಯಕ್ಕೆ 8, ಕೌಟುಂಬಿಕ ಕಾನೂನಿಗೆ 8, ಕರಾರು ಮತ್ತು ಅದಕ್ಕೆ ಹೊಂದಿದ ಕಾಯ್ದೆಗಳಿಗೆ 8. ಇನ್ನುಳಿದ ಅಂಕಗಳು ಎರಡರಿಂದ ಐದರಂತೆ ಹನ್ನೆರಡು ವಿಷಯಗಳಿಗೆ ಹಂಚಿಹೋಗಿವೆ. ಎಲ್ಲಕ್ಕೂ ಬೇಕಾದ ಬೇರ್ ಆಕ್ಟ್‌ಗಳನ್ನು ಕೊಳ್ಳಲು ಎರಡು ಸಾವಿರ ರೂಪಾಯಿಗೆ ಕಡಿಮೆ ಆಗುವುದಿಲ್ಲ ಎಂಬುದು ಪ್ರತಿ ವರ್ಷ ನಮ್ಮ ತರಗತಿಯವರ ಅನುಭವ. ಬಾರ್ ಲೈಬ್ರರಿಯ ಪುಸ್ತಕಗಳಲ್ಲಿ ಸೀನಿಯರ್‌ಗಳ ಪೆನ್ಸಿಲ್ ಗೀಟು, ಅಂಚಿನ ಟಿಪ್ಪಣಿಗಳು ತುಂಬಿರುತ್ತವೆ. ಅಂಥವನ್ನು ಪರೀಕ್ಷೆಗೆ ಒಯ್ಯಲಾಗದು.

ಇದರ ಮೇಲೆ 2024ರ ಜುಲೈ 1 ಬಂದಿತು. ಅಂದು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದವು. 511 ಕಲಮುಗಳ ದಂಡ ಸಂಹಿತೆಯ ಜಾಗದಲ್ಲಿ 358, 484 ಕಲಮುಗಳ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ 531. ಹಳ್ಳಿಯ ಚಹದಂಗಡಿಯಲ್ಲೂ ‘ನೂರಾನಲವತ್ನಾಲ್ಕು ಹಾಕ್ಯಾರ’ ಎಂದರೆ ನಿಷೇಧಾಜ್ಞೆ ಎಂದು ತಿಳಿಯುತ್ತಿತ್ತು. ಹೊಸ ಸಂಹಿತೆಯಲ್ಲಿ ನಿಷೇಧಾಜ್ಞೆ 163ಕ್ಕೆ ಹೋಗಿದೆ, 144ರಲ್ಲಿ ಹೆಂಡತಿ ಮಕ್ಕಳ ಜೀವನಾಂಶ ಕೂತಿದೆ. ಮೊದಲು 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಈಗ 482 ಎಂದರೆ ನಿರೀಕ್ಷಣಾ ಜಾಮೀನು. ಮೊದಲು ನಿರೀಕ್ಷಣಾ ಜಾಮೀನು ಇದ್ದ 438ರಲ್ಲಿ ಈಗ ಪುನರೀಕ್ಷಣಾ ಅಧಿಕಾರ. ಮೂವತ್ತು ವರ್ಷದ ಅನುಭವಿಗಳೂ ವಾದಿಸುವಾಗ ಕಲಮಿನ ನಂಬರ್ ತಪ್ಪಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದೇವೆ. ಕಾಲೇಜಿನಲ್ಲಿ ಹಳೆಯ ಸಂಹಿತೆ ಓದಿ ಹೊಸದರಲ್ಲಿ ಪರೀಕ್ಷೆ ಬರೆಯಬೇಕಾದ ಈ ಮೂರು ನಾಲ್ಕು ವರ್ಷದ ಪದವೀಧರರು ತಮ್ಮದಲ್ಲದ ಕಾರಣಕ್ಕೆ ಎರಡೆರಡು ಸಲ ಕಲಿಯಬೇಕಾಗಿದೆ, ಎರಡೆರಡು ಸೆಟ್ ಪುಸ್ತಕ ಕೊಳ್ಳಬೇಕಾಗಿದೆ.

ಎರಡನೆಯದು, ಭಾಷೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲು ತಮ್ಮ ಅನುಮತಿ ಕೋರುತ್ತೇನೆ, ಏಕೆಂದರೆ ಭಾನುವಾರದ ಅರ್ಧ ವೇಳೆ ಇದರಲ್ಲೇ ಹೋಗುತ್ತದೆ. ನಮ್ಮ ಭಾಗದ ಎಷ್ಟೋ ವಿದ್ಯಾರ್ಥಿಗಳು ಕಾನೂನನ್ನು ಕನ್ನಡದಲ್ಲಿ ಓದುತ್ತಾರೆ, ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುತ್ತಾರೆ. ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯುವ ಅವಕಾಶ ಇದೆ, ಅದು ಸಂತೋಷದ ಸಂಗತಿ. ಆದರೆ ಯಾವ ಕನ್ನಡ? ಇಂಥ ಕೆಲಸ ಮಾಡಬೇಡ ಎಂದು ಕೋರ್ಟು ಒಬ್ಬನಿಗೆ ಕೊಡುವ ಆದೇಶಕ್ಕೆ ಕೋರ್ಟಿನಲ್ಲಿ ಎಲ್ಲರೂ ‘ಇಂಜಂಕ್ಷನ್’ ಎನ್ನುತ್ತಾರೆ. ಒಂದು ಪಠ್ಯಪುಸ್ತಕ ಅದನ್ನು ತಡೆಯಾಜ್ಞೆ ಎನ್ನುತ್ತದೆ. ತಡೆಯಾಜ್ಞೆ ಎಂದರೆ ‘ಸ್ಟೇ’ (ಆದೇಶ ಅಥವಾ ಪ್ರಕ್ರಿಯೆಗೆ ತಡೆ) ಎಂದು ವಕೀಲರ ಕಿವಿಗೆ ಬೀಳುತ್ತದೆ. ಇನ್ನೊಂದು ಪುಸ್ತಕ ಪ್ರತಿಬಂಧಕಾಜ್ಞೆ ಎನ್ನುತ್ತದೆ, ಮತ್ತೊಂದು ನಿರ್ಬಂಧಕಾಜ್ಞೆ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ, ಮೂರೂವರೆ ಗಂಟೆ ಸಿಕ್ಕರೂ, ತಾನು ಓದಿದ ಪದ ಯಾವ ಆಯ್ಕೆಯಲ್ಲಿದೆ ಎಂದು ಹುಡುಕುವವನ ಸ್ಥಿತಿಯನ್ನು ತಾವು ಊಹಿಸಿಕೊಳ್ಳಬಹುದು. ಅನುವಾದದ ತಪ್ಪು ಏನು ಮಾಡಬಲ್ಲದು ಎಂಬುದು ಈ ಸರ್ಕಾರಕ್ಕೆ ಹೊಸ ವಿಷಯವಲ್ಲ. ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ತಪ್ಪುಗಳಿಂದಾಗಿಯೇ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಆ ಅಭ್ಯರ್ಥಿಗಳು ಬೀದಿಗಿಳಿದು ಕೇಳಿದರು, ಸರ್ಕಾರ ಕೇಳಿಸಿಕೊಂಡಿತು. ಕನ್ನಡದಲ್ಲಿ ಕಾನೂನು ಓದಿದವರು ಸಂಖ್ಯೆಯಲ್ಲಿ ಅಷ್ಟಿಲ್ಲ, ಬೀದಿಗೆ ಇಳಿದವರೂ ಅಲ್ಲ.

ಮೂರನೆಯದು ಹಣ, ಇದನ್ನು ಬೇಗ ಮುಗಿಸುತ್ತೇನೆ. ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 30ರಂದು ನೀಡಿದ ತೀರ್ಪಿನಲ್ಲಿ, 1961ರ ವಕೀಲರ ಅಧಿನಿಯಮದ 24ನೇ ಕಲಮಿನಂತೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದಿತು. ಅದಕ್ಕೂ ಮೊದಲು ಪ್ರತಿ ರಾಜ್ಯದ ಪರಿಷತ್ತು ತನ್ನದೇ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಪಡೆಯುತ್ತಿತ್ತು. ಆ ಬಾಗಿಲು ಅಗಲವಾಯಿತು. ಆದರೆ ಎರಡನೆಯ ಬಾಗಿಲಿನ ಶುಲ್ಕ, ಅಂದರೆ ಪರೀಕ್ಷೆಯದು, 3,500 ರೂಪಾಯಿ, ಪರಿಶಿಷ್ಟರಿಗೆ 2,500. ಪರಿಶಿಷ್ಟ ಜಾತಿಯ ಒಬ್ಬ ಹುಡುಗಿ 125 ರೂಪಾಯಿ ಕೊಟ್ಟು ವಕೀಲೆಯಾಗಿ, ವಕೀಲೆಯಾಗಿ ಉಳಿಯಲು ಅದರ ಇಪ್ಪತ್ತು ಪಟ್ಟು ಕೊಡಬೇಕು. ತಮ್ಮ ಸರ್ಕಾರದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಒಂದು ತಿಂಗಳ ಯುವನಿಧಿಯನ್ನು ಇಡಿಯಾಗಿ ಇಟ್ಟರೂ ಪರೀಕ್ಷೆಯ ಶುಲ್ಕಕ್ಕೆ ಐದು ನೂರು ಕಡಿಮೆ ಬೀಳುತ್ತದೆ. ಈ ಶುಲ್ಕವನ್ನು ನಿಗದಿ ಮಾಡುವುದು ತಾವಲ್ಲ ಎಂಬುದು ನನಗೆ ತಿಳಿದಿದೆ. ಅದನ್ನು ಭರಿಸುವುದಕ್ಕೆ ತಮಗೆ ಅಡ್ಡಿಯಿಲ್ಲ ಎಂಬುದೂ ತಿಳಿದಿದೆ.

ಇಷ್ಟು ಹೇಳಿದ ಮೇಲೆ ಎದುರಾಗುವ ಪ್ರಶ್ನೆ, ಒಬ್ಬನ ಕಸುಬಿನ ಪರವಾನಗಿಗೆ ಜನರ ತೆರಿಗೆ ಹಣ ಏಕೆ ಖರ್ಚಾಗಬೇಕು ಎಂಬುದು. ನ್ಯಾಯವಾದ ಪ್ರಶ್ನೆ. ಆದರೆ ಪರೀಕ್ಷೆಯ ತಯಾರಿಗೆ ಸರ್ಕಾರ ಹಣ ಕೊಡಬಾರದು ಎಂಬ ತತ್ವವನ್ನು ಕರ್ನಾಟಕ ಎಂದೋ ಬಿಟ್ಟಿದೆ. ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿದರೆ ಸಾಕು. ಬೀದಿ ಬೀದಿಗೂ ಕೋಚಿಂಗ್ ಕೇಂದ್ರ, ಓದುವ ಕೊಠಡಿ, ಖಾನಾವಳಿ, ಪಿಜಿ. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳ ಮಕ್ಕಳು ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓದುತ್ತ ಕೂತಿರುತ್ತಾರೆ. ತಮ್ಮದೇ ಇಲಾಖೆಗಳು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ವರ್ಗಗಳ ಅಭ್ಯರ್ಥಿಗಳಿಗೆ ಕೇಂದ್ರ ಮತ್ತು ರಾಜ್ಯ ಲೋಕಸೇವಾ ಆಯೋಗಗಳ ಪರೀಕ್ಷೆ, ಬ್ಯಾಂಕು, ರೈಲ್ವೆ ಪರೀಕ್ಷೆಗಳಿಗೆ ಉಚಿತ ತರಬೇತಿ ಕೊಡಿಸುತ್ತವೆ, ದೆಹಲಿಗೂ ಕಳಿಸುತ್ತವೆ, ಶಿಷ್ಯವೇತನವನ್ನೂ ಕೊಡುತ್ತವೆ. ಇದನ್ನು ನಾನು ಟೀಕಿಸುತ್ತಿಲ್ಲ. ಆ ತರಬೇತಿಯಿಂದ ಅಧಿಕಾರಿಗಳಾದ ನಮ್ಮ ಜಿಲ್ಲೆಯ ಮಕ್ಕಳನ್ನು ನಾನು ಕಂಡಿದ್ದೇನೆ.

ಆದರೆ ಲೆಕ್ಕ ಹೀಗಿದೆ. 2024ರಲ್ಲಿ ಅಧಿಸೂಚನೆಯಾದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು 384. ಲಕ್ಷಗಟ್ಟಲೆ ಜನ ಎಷ್ಟೇ ಚೆನ್ನಾಗಿ ತಯಾರಾದರೂ ಹುದ್ದೆ ಸಿಗುವುದು 384 ಜನರಿಗೇ. ಒಬ್ಬನಿಗೆ ಕೊಟ್ಟ ತರಬೇತಿ ಫಲಿಸಿದರೆ ಇನ್ನೊಬ್ಬ ಹೊರಗೆ ಉಳಿಯುತ್ತಾನೆ, ರಾಜ್ಯಕ್ಕೆ ಒಬ್ಬ ಅಧಿಕಾರಿಯೂ ಹೆಚ್ಚಾಗುವುದಿಲ್ಲ. ವಕೀಲರ ಪರೀಕ್ಷೆ ಆ ಜಾತಿಯದಲ್ಲ. ಅಲ್ಲಿ ಹುದ್ದೆಗಳ ಮಿತಿ ಇಲ್ಲ. 45 ಅಂಕ ಪಡೆದ ಪ್ರತಿಯೊಬ್ಬನೂ ಮರುದಿನ ವಕಾಲತ್ತು ಹಾಕಬಲ್ಲ. ಇಲ್ಲಿ ಖರ್ಚಾದ ಒಂದು ರೂಪಾಯಿ ಯಾರನ್ನೂ ಹಿಂದೆ ತಳ್ಳುವುದಿಲ್ಲ. ಹೆಚ್ಚು ಖರ್ಚು ಬೇಡುವ ಕಡೆ ಹಣ ಇದೆ, ಕಡಿಮೆ ಖರ್ಚಿನಲ್ಲಿ ಖಚಿತವಾಗಿ ಫಲ ಕೊಡುವ ಕಡೆ ಒಂದು ಪೈಸೆಯೂ ಇಲ್ಲ. ನನಗೆ ಅರ್ಥವಾಗದೇ ಉಳಿದದ್ದು ಇದೇ.

ಇನ್ನೊಂದು ವಿಚಿತ್ರವನ್ನೂ ಗಮನಕ್ಕೆ ತರಬೇಕು. ಬಡ ಕಾನೂನು ಪದವೀಧರರಿಗೆ ಸರ್ಕಾರ ಏನೂ ಮಾಡುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಪರಿಶಿಷ್ಟ, ಹಿಂದುಳಿದ ಹಾಗೂ ಅಲ್ಪಸಂಖ್ಯಾತ ವರ್ಗಗಳ ಕಾನೂನು ಪದವೀಧರರು ಅನುಭವಿ ವಕೀಲರ ಕೈಕೆಳಗೆ ತರಬೇತಿ ಪಡೆಯುವಾಗ ತಿಂಗಳ ಶಿಷ್ಯವೇತನ ಕೊಡುವ ಯೋಜನೆ ಬಹಳ ವರ್ಷಗಳಿಂದ ನಡೆದುಬಂದಿದೆ. ಒಳ್ಳೆಯ ಯೋಜನೆ, ನನ್ನ ಇಬ್ಬರು ಜೂನಿಯರ್‌ಗಳು ಅದರಿಂದಲೇ ನಿಂತರು. ಕಾಲೇಜಿನಲ್ಲಿ ಓದುವಾಗ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್, ಸನ್ನದು ಪಡೆದ ಮೇಲೆ ಆಯ್ಕೆಯಾದ ಕೆಲವರಿಗೆ ಶಿಷ್ಯವೇತನ. ನಡುವೆ ಇರುವ ಪರೀಕ್ಷೆಗೆ ಮಾತ್ರ ಯಾವ ಇಲಾಖೆಯ ಯಾವ ಕಾಲಮ್ಮೂ ಇಲ್ಲ. ಅದರಲ್ಲಿ ನಪಾಸಾದರೆ ಹಿಂದೆ ಕೊಟ್ಟ ವಿದ್ಯಾರ್ಥಿವೇತನ, ಮುಂದೆ ಕೊಟ್ಟ ಶಿಷ್ಯವೇತನ ಎರಡೂ ನೀರಿನಲ್ಲಿ ಹೋಮ ಮಾಡಿದಂತೆ. ಐದಾರು ವರ್ಷ ಸಾಕಿದ ಸರ್ಕಾರ ಒಂದು ಪರೀಕ್ಷೆಯ ಎದುರು ಕೈಬಿಡುವುದು ತನ್ನ ಹಣಕ್ಕೇ ತಾನು ಮಾಡಿಕೊಳ್ಳುವ ನಷ್ಟ.

ನಮ್ಮ ಕಸುಬಿನವರೇ ಕೆಲವರು ನನಗೆ ಹೇಳುವ ಮಾತು ಬೇರೆ. ಪುಸ್ತಕ ನೋಡಿ ಬರೆಯುವ ಪರೀಕ್ಷೆ, ನೂರಕ್ಕೆ 45 ಬಂದರೆ ಸಾಕು, ಅಷ್ಟೂ ಆಗದವನು ಕಕ್ಷಿದಾರನ ಹೊಲ ಮನೆ ಉಳಿಸುತ್ತಾನೆಯೇ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಓದದೇ ಬಂದು, ಪುಸ್ತಕ ತೆರೆದರೆ ಉತ್ತರ ಸಿಗುತ್ತದೆ ಎಂದುಕೊಂಡು ಕೂತವರನ್ನು ನಾನೂ ನೋಡಿದ್ದೇನೆ, ಗದರಿಸಿಯೂ ಇದ್ದೇನೆ. ಪರೀಕ್ಷೆಯನ್ನು ಸುಲಭ ಮಾಡಿ, ಅಂಕ ಇಳಿಸಿ ಎಂದು ನಾನು ಎಲ್ಲಿಯೂ ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಕೆಟ್ಟ ವಕೀಲನಿಂದ ಮೊದಲು ಹಾಳಾಗುವವನು ಬಡ ಕಕ್ಷಿದಾರನೇ. ಆದರೆ ಹುಬ್ಬಳ್ಳಿ, ಬೆಂಗಳೂರಿನ ಅನುಕೂಲಸ್ಥರ ಮಕ್ಕಳು ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಿ, ಹೊಸ ಬೇರ್ ಆಕ್ಟ್ ಸೆಟ್ಟಿಗೆ ಬಣ್ಣದ ಚೀಟಿ ಅಂಟಿಸಿಕೊಂಡು ಹೋಗುವಾಗ, ಹಾನಗಲ್ಲಿನ ಹುಡುಗಿಯೊಬ್ಬಳು ಗೆಳತಿಯ ಬಳಿ ಎರವಲು ತಂದ ಮೂರು ಪುಸ್ತಕ ಹಿಡಿದು ಹೋದರೆ, ಅಲ್ಲಿ ಅಳೆಯಲಾಗುವುದು ಕಾನೂನಿನ ಜ್ಞಾನವೊಂದೇ ಅಲ್ಲ.

ಆ ಹುಡುಗಿ ವಕೀಲೆಯಾಗುವುದು ಯಾರಿಗೆ ಬೇಕು ಎಂಬುದನ್ನೂ ನೋಡೋಣ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮು ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಮುಂತಾದವರಿಗೆ ಉಚಿತ ಕಾನೂನು ಸೇವೆಯ ಹಕ್ಕು ಕೊಟ್ಟಿದೆ. ಆ ಹಕ್ಕು ಕಾಗದದಿಂದ ಎದ್ದು ನಡೆಯಬೇಕಾದರೆ ತಾಲೂಕಿನಲ್ಲಿ ವಕೀಲರು ಬೇಕು. ಧಾರವಾಡದಲ್ಲಿ ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಮೇಲೆ ಚುರುಕಾದ ಹುಡುಗರು ಸಹಜವಾಗಿ ಅತ್ತ ಹೊರಳಿದರು. ಶಿಗ್ಗಾವಿ, ನರಗುಂದ, ಸವಣೂರಿನಂಥ ಊರುಗಳಲ್ಲಿ ನಿಲ್ಲುವವರು ಅದೇ ಊರಿನವರೇ ಆಗಿರುತ್ತಾರೆ. ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳು ತನ್ನ ಕಥೆಯನ್ನು ಗಂಡಸು ವಕೀಲನ ಮುಂದೆ ಪೂರ್ತಿ ಹೇಳಿಕೊಂಡದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡದ್ದು ಕಡಿಮೆ. ನಮ್ಮ ತರಗತಿಗೆ ಬರುವವರಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಇದಕ್ಕೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯೂ ಕಾರಣ ಎಂಬುದನ್ನು ಹಾಜರಿ ಪುಸ್ತಕವೇ ಹೇಳುತ್ತದೆ. ಅದಕ್ಕೂ ಮೊದಲು ಗಜೇಂದ್ರಗಡದಿಂದ, ಲಕ್ಷ್ಮೇಶ್ವರದಿಂದ ಪ್ರತಿ ಭಾನುವಾರ ಬರುವ ಹುಡುಗಿಯರು ಒಬ್ಬರೂ ಇರಲಿಲ್ಲ. ಬಸ್ಸಿನ ಟಿಕೇಟಿನಷ್ಟು ಸಣ್ಣ ಅಡಚಣೆ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಕುಟುಂಬದ ಆದಾಯ ಮಿತಿಯೊಳಗಿರುವ ಪದವೀಧರರಿಗೆ, ಜಾತಿ ಯಾವುದೇ ಇರಲಿ, ಮೊದಲ ಎರಡು ಪ್ರಯತ್ನಗಳ ಪರೀಕ್ಷಾ ಶುಲ್ಕವನ್ನು ಸರ್ಕಾರ ಭರಿಸಬೇಕು. ಪಾಸಾದ ಮೇಲೆ ಮರುಪಾವತಿ ಎಂಬ ಷರತ್ತು ದಯವಿಟ್ಟು ಬೇಡ, ಏಕೆಂದರೆ ಮೊದಲು ಕಟ್ಟಲು ಹಣ ಇಲ್ಲದವನಿಗೇ ಈ ನೆರವು. ಪರೀಕ್ಷೆಗೆ ಹಾಜರಾದ ಪುರಾವೆ ಕೇಳಿ, ಸಾಕು. ಪ್ರತಿ ತಾಲೂಕು ವಕೀಲರ ಸಂಘದ ಗ್ರಂಥಾಲಯಕ್ಕೆ, ಗೀಟು ಟಿಪ್ಪಣಿಗಳಿಲ್ಲದ ಹತ್ತು ಹತ್ತು ಬೇರ್ ಆಕ್ಟ್ ಸೆಟ್ಟುಗಳನ್ನು ಪರೀಕ್ಷೆಗೆಂದೇ ಎರವಲು ಕೊಡಲು ಒದಗಿಸಬೇಕು. ಪರೀಕ್ಷೆ ಮುಗಿದ ಮೇಲೆ ಅವು ಹಿಂದಿರುಗಿ ಮುಂದಿನ ವರ್ಷದವರ ಕೈಗೆ ಹೋಗುತ್ತವೆ. ಒಂದು ಸಲದ ಖರ್ಚು, ತಿದ್ದುಪಡಿಯಾದಾಗ ಮಾತ್ರ ಹೊಸದು.

ಕನ್ನಡದ ಕೆಲಸ ಸ್ವಲ್ಪ ಹೆಚ್ಚು ಗಮನ ಬೇಡುತ್ತದೆ. ಕೇಂದ್ರ ಕಾಯ್ದೆಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ತಮ್ಮ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆ ಮಾಡುತ್ತ ಬಂದಿದೆ. ಆ ಅನುವಾದಗಳನ್ನು ಪರೀಕ್ಷಾ ಕೊಠಡಿಗೆ ಒಯ್ಯಬಹುದಾದ ಅಗ್ಗದ ಪುಸ್ತಕಗಳಾಗಿ ಮುದ್ರಿಸಿ ಕೊಡಬೇಕು. ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕರು, ಕನ್ನಡದಲ್ಲಿ ತೀರ್ಪು ಬರೆದ ಅನುಭವವಿರುವ ನಿವೃತ್ತ ನ್ಯಾಯಾಧೀಶರು, ತಾಲೂಕು ಕೋರ್ಟಿನ ವಕೀಲರು ಒಟ್ಟಿಗೆ ಕೂತು ಒಂದು ಪದಕೋಶವನ್ನು ಸಿದ್ಧಪಡಿಸಲಿ. ಅದರಲ್ಲಿ ಇಂಜಂಕ್ಷನ್‌ಗೆ ಒಂದೇ ಪದ ಇರಲಿ, ಇಲ್ಲವೇ ‘ಇಂಜಂಕ್ಷನ್’ ಎಂಬುದೇ ಇರಲಿ, ನನಗೆ ಅಡ್ಡಿಯಿಲ್ಲ. ಅದೇ ಪದಕೋಶವನ್ನು ಬಳಸಿ ಪ್ರಶ್ನೆಗಳನ್ನು ಅನುವಾದಿಸುವಂತೆ ರಾಜ್ಯ ಸರ್ಕಾರ ಭಾರತೀಯ ವಕೀಲರ ಪರಿಷತ್ತಿಗೆ ಅಧಿಕೃತವಾಗಿ ಪತ್ರ ಬರೆಯಲಿ. ಅಭ್ಯಾಸದ ಪ್ರಶ್ನೆಪತ್ರಿಕೆಗಳನ್ನು ವಿಶ್ವವಿದ್ಯಾಲಯ ಕನ್ನಡದಲ್ಲಿ ತಯಾರಿಸಿ ಎಲ್ಲರಿಗೂ ಉಚಿತವಾಗಿ ತೆರೆದಿಡಲಿ.

ತರಗತಿಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಈ ಪತ್ರ ಫಲಿಸಿ ಹಣ ಮಂಜೂರಾದರೆ, ಅದನ್ನು ತಲೆಗೆ ಇಷ್ಟು ಎಂದು ಖಾಸಗಿ ಕೋಚಿಂಗ್ ಕೇಂದ್ರಗಳಿಗೆ ಟೆಂಡರ್ ಮೂಲಕ ಕೊಟ್ಟುಬಿಡುವುದು ಇಲಾಖೆಗೆ ಎಲ್ಲಕ್ಕಿಂತ ಸುಲಭದ ದಾರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ. ವಕೀಲರ ಪರೀಕ್ಷೆಗೆ ಆರು ತಿಂಗಳು ಪಿಜಿಯಲ್ಲಿದ್ದು ಓದುವ ಅಗತ್ಯವಿಲ್ಲ. ವಾರಕ್ಕೊಂದು ದಿನದಂತೆ ನಾಲ್ಕು ತಿಂಗಳು ಸಾಕು ಎಂಬುದು ನಮ್ಮ ಅನುಭವ. ಪಾಠ ಹೇಳಬಲ್ಲ ವಕೀಲರು ಪ್ರತಿ ಬಾರ್‌ನಲ್ಲೂ ಇದ್ದಾರೆ, ಕುರ್ಚಿ ಮೇಜು ಫ್ಯಾನುಗಳು ಭಾನುವಾರ ಖಾಲಿ ಇರುತ್ತವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಭಾಂಗಣವೂ ಇದೆ. ಬೇಕಾದದ್ದು ಜೆರಾಕ್ಸ್ ಖರ್ಚು, ಪಾಠ ಹೇಳುವ ಕಿರಿಯ ವಕೀಲರಿಗೆ ಅಷ್ಟಿಷ್ಟು ಗೌರವಧನ, ದೂರದಿಂದ ಬರುವ ಹುಡುಗರಿಗೆ ಬಸ್ ಪಾಸು. ಹುಡುಗಿಯರಿಗೆ ತಾವು ಆಗಲೇ ಕೊಟ್ಟಿದ್ದೀರಿ. ಎಷ್ಟು ಜನ ಸೇರಿದರು, ಎಷ್ಟು ಜನ ಬರೆದರು, ಎಷ್ಟು ಜನ ಪಾಸಾದರು, ಎಷ್ಟು ಖರ್ಚಾಯಿತು ಎಂಬುದನ್ನು ಪ್ರತಿ ಪರೀಕ್ಷೆಯ ನಂತರ ಬಾರ್ ರೂಮಿನ ನೋಟೀಸ್ ಬೋರ್ಡಿಗೆ ಹಚ್ಚುವ ನಿಯಮ ಮಾಡಿ. ಫಲ ಕಾಣದ ಕಡೆ ಹಣ ನಿಲ್ಲಿಸಿ. ನಮ್ಮ ತರಗತಿಯೂ ಸೇರಿದಂತೆ.

ಈ ಊರುಗಳಿಗೆ ವಕೀಲರ ಬೆಲೆ ಗೊತ್ತು. ಗದಗಿನಲ್ಲಿ ಹುಯಿಲಗೋಳ ನಾರಾಯಣರಾಯರು ಕವಿತೆ ಬರೆಯುವುದರ ಜೊತೆಗೆ ವಕೀಲಿಯನ್ನೂ ಮಾಡಿದರು. ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದ ಸರ್ ಸಿದ್ದಪ್ಪ ಕಂಬಳಿಯವರು ಮುಂಬಯಿ ಪ್ರಾಂತ್ಯದ ಮಂತ್ರಿಯಾಗಿ ಹಿಂದುಳಿದವರ ಶಿಕ್ಷಣಕ್ಕಾಗಿ ದುಡಿದರು. ಅವರ ಹೆಸರನ್ನು ಇಲ್ಲಿ ಎತ್ತಿದ್ದು ಹೊಗಳಿಕೆಗಲ್ಲ. ಬಡವರ ಓದಿಗೆ ಸರ್ಕಾರದ ಹಣ ಕೇಳುವುದು ಈ ಭಾಗದ ವಕೀಲರಿಗೆ ಹಳೆಯ ಅಭ್ಯಾಸ ಎಂದು ನೆನಪಿಸುವುದಕ್ಕೆ.

ಈ ಪತ್ರದ ಪ್ರತಿಯನ್ನು ಅಂಚೆಯಲ್ಲಿ ಮೂವರು ಸಚಿವರ ಕಚೇರಿಗೂ ಕಳಿಸಿದ್ದೇನೆ. ಮುಂದಿನ ಆಯವ್ಯಯದ ಪೂರ್ವಭಾವಿ ಸಭೆಗಳಲ್ಲಿ ಇದು ಚರ್ಚೆಗೆ ಬರುವುದೇ ಎಂಬುದಕ್ಕೆ ಲಿಖಿತ ಉತ್ತರ ಬಯಸುತ್ತೇನೆ. ತರಗತಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆರಂಭವಾಗುತ್ತದೆ. ಇಲಾಖೆಯ ಅಧಿಕಾರಿಗಳು ಯಾರಾದರೂ ಹೇಳದೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಟೈಪಿಂಗ್ ಅಂಗಡಿಯವನೂ ಕಳೆದ ತಿಂಗಳಿನಿಂದ ಮತ್ತೆ ಬರತೊಡಗಿದ್ದಾನೆ. ಈ ಪತ್ರವನ್ನು ಟೈಪ್ ಮಾಡಿಕೊಟ್ಟವನೂ ಅವನೇ, ಎರಡು ಕಡೆ ತಿದ್ದಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ,
ಗದಗ